ಗಾಲಿಗೆ ಸಿಕ್ಕಿಸಿದ ಕಾರ್ಡು

"ಕೈ ತೆಗೀರಿ! ಅದನ್ನ ಮೊದಲು ನೋಡಿದ್ದು ನಾನು!"

ಅಮೆರಿಕದ ಮಿಲ್ವಾಕೀ ಊರಿನ ಚರ್ಚಿನ ನೆಲಮಾಳಿಗೆ. ಭಾನುವಾರದ ಬೇಸ್‌ಬಾಲ್ ಕಾರ್ಡುಗಳ ಸಂತೆ. ಆಟಗಾರನ ಚಿತ್ರವಿದ್ದ ಒಂದೇ ಕಾರ್ಡಿನ ಮೇಲೆ ಎರಡು ಕೈ! ಒಂದು ಜೋಲೀನಳದು, ಇನ್ನೊಂದು ಯಾರೋ ನರೆಗೂದಲಿನವನದು.

"ತಗೊಳ್ಳಿ ತಾಯಿ, ಕಚ್ಚಬೇಡಿ ಅಷ್ಟೇ," ಅವನು ನಕ್ಕ. "ನಾನು ವಾರ್ನರ್. ಎಂಬತ್ತರ ದಶಕದ ನಮ್ಮೂರ ಬ್ರೂವರ್ಸ್ ತಂಡ ಅಂದ್ರೆ ನನಗೂ ಹುಚ್ಚು."

ಅವಳಿಗೂ ನಗು ಬಂತು. ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ!

ಶಾಲಾ ಬಸ್ಸು ಓಡಿಸಿ, ಖಾಲಿ ಮನೆಗೆ ಬಂದು, ಒಬ್ಬಳೇ ಸೂಪು ಬಿಸಿ ಮಾಡಿಕೊಳ್ಳುವ ಹೆಂಗಸು ಅವಳು. ಸಂಜೆಗೆ ಜೊತೆ ಅಂತ ಇದ್ದದ್ದು ಆ ತಂಡದ ಕಾರ್ಡುಗಳ ಆಲ್ಬಂ ಒಂದೇ. ಈಗ ಭಾನುವಾರಗಳು ಬಂದವು... ವಾರ್ನರ್ ಜೊತೆ ಕಾಫಿ, ಸಾಸೇಜು, ಹಳೇ ಪಂದ್ಯಗಳ ಬಗ್ಗೆ ಜಗಳ. ಸೋಮವಾರದಿಂದಲೇ ಅವಳು ಮುಂದಿನ ಭಾನುವಾರಕ್ಕೆ ಕಾಯತೊಡಗಿದಳು.

"ಆಲ್ಬಂ ಹಾಳೆಗಳೆಲ್ಲ ಹಳದಿ ಆಗಿವೆ. ಕೊಡಿ, ಹೊಸದು ಹಾಕ್ಕೊಡ್ತೀನಿ," ಅಂದ ಒಮ್ಮೆ.

ಯಾರ ಕೈಗೂ ಕೊಡದ್ದನ್ನು ಅವನಿಗೆ ಕೊಟ್ಟಳು.

ಮುಂದಿನ ವಾರ ಆಲ್ಬಂ ತೆರೆದವಳು ಒಂದು ಹಾಳೆಗೆ ಬಂದು ನಿಂತಳು. ಎಡಗೈಯಲ್ಲಿ ಚೆಂಡೆಸೆಯುವ ಪಿಚರನ ಹಳೇ ಕಾರ್ಡಿದ್ದ ಜಾಗದಲ್ಲಿ ಹೊಸದೊಂದು ಫಳಫಳ ಹೊಳೆಯುತ್ತಿತ್ತು. ಒಂದು ಗೀರೂ ಇಲ್ಲ!

"ನನ್ನದೆಲ್ಲಿ?"

"ಆ ಹರಕಲು ಕಾರ್ಡಾ? ಅದೇ ಆಟಗಾರಂದು ನನ್ನ ಹತ್ರ ಇದ್ದ ಒಳ್ಳೇದನ್ನೇ ಇಟ್ಟೆ. ಅದನ್ನ ಸಂತೇಲಿ ರದ್ದಿ ಪೆಟ್ಟಿಗೆಗೆ ಹಾಕಿದ್ದೆ, ಯಾರೋ ತಗೊಂಡ್ಹೋದ್ರು." ಅವನ ಮುಖದಲ್ಲಿ ಹಬ್ಬ. ಕಾರ್ಡು ಕೂಡಿಸುವವರಲ್ಲಿ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

"ಅದು ನಮ್ಮಣ್ಣಂದು ಕಣ್ರೀ!" ಅವಳು ಆ ಹೊಸ ಕಾರ್ಡನ್ನು ಹೊರಗೆಳೆದಳು. "ರೂಡಿ ಅದನ್ನ ಬಟ್ಟೆ ಕ್ಲಿಪ್ಪಲ್ಲಿ ಸೈಕಲ್ ಗಾಲಿಗೆ ಸಿಕ್ಕಿಸ್ತಿದ್ದ. ಬೀದಿ ತಿರುವಲ್ಲಿ ಅದು ಗಾಲಿ ಕಡ್ಡಿಗೆ ಬಡಿದು ಟರ್ರ್ ಅಂದ್ರೆ ಸಾಕು, ಅಣ್ಣ ಬಂದ ಅಂತ ಬಾಗಿಲಿಗೆ ಓಡ್ತಿದ್ದೆ. ಅವನು ತೀರಿಕೊಂಡ ಮೇಲೆ ನನಗೆ ಉಳಿದಿದ್ದು ಅದೊಂದೇ..."

"ಜೋಲೀನ್, ನಂಗೆ ಗೊತ್ತಿರ್ಲಿಲ್ಲ..."

"ಒಂದು ಮಾತು ಕೇಳಬಹುದಿತ್ತಲ್ಲ!"

ಹೊಳೆಯುವ ಕಾರ್ಡನ್ನು ಮೇಜಿನ ಮೇಲಿಟ್ಟು ಹೊರಟೇ ಹೋದಳು.

ಭಾನುವಾರಗಳು ಮತ್ತೆ ಖಾಲಿಯಾದವು. ಅವನ ಫೋನು ಬಂದರೂ ಎತ್ತಲಿಲ್ಲ. ಆಮೇಲೆ ಫೋನೂ ನಿಂತಿತು. 'ನಿಂತಿದ್ದೇ ಒಳ್ಳೇದಾಯ್ತು,' ಅಂದುಕೊಂಡಳು. ಆದರೂ ಊಟಕ್ಕೆ ಕೂತಾಗ ಫೋನು ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು. ಅಳು ಅಣ್ಣನಿಗಾಗಿಯೋ ಇವನಿಗಾಗಿಯೋ... ಅವಳಿಗೇ ತಿಳಿಯುತ್ತಿರಲಿಲ್ಲ.

ಏಪ್ರಿಲ್‌ನ ಒಂದು ಸಂಜೆ. ಒಲೆಯ ಮೇಲೆ ಸೂಪು ಕುದಿಯುತ್ತಿತ್ತು.

ಟರ್ರ್ರ್ರ್...

ಬೀದಿ ತಿರುವಿನಿಂದಲೇ! ಸೌಟು ಕೈಜಾರಿತು. ಪುಟ್ಟ ಹುಡುಗಿಯ ಹಾಗೆ ಬಾಗಿಲಿಗೆ ಓಡಿದಳು.

ಸೈಕಲ್ ಮೇಲೆ ಏದುಸಿರು ಬಿಡುತ್ತಾ ವಾರ್ನರ್! ಗಾಲಿಗೆ ಸಿಕ್ಕಿಸಿದ್ದು ಅವನ ಆ ಹೊಳೆಯುವ ಕಾರ್ಡು. ಮೂಲೆಗಳೆಲ್ಲ ಚಿಂದಿಯಾಗಿದ್ದವು.

"ತಲೆ ಕೆಟ್ಟಿದೆಯಾ ನಿಮಗೆ? ಅಂಥ ಕಾರ್ಡನ್ನ ಹಾಳು ಮಾಡಿದ್ರಲ್ಲ!"

"ಇದು ಗಾಲಿಗೆ. ನಿನ್ನದು ಇಲ್ಲಿದೆ." ಅಂಗಿಯ ಜೇಬಿನಿಂದ ಮೆಲ್ಲಗೆ ತೆಗೆದ. ಸವೆದ ಮೂಲೆ, ಕ್ಲಿಪ್ಪಿನ ಗುರುತು... ರೂಡಿಯದೇ! "ಊರೂರು ಸಂತೆ ಸುತ್ತಿದೆ. ಕೊನೆಗೆ ಒಬ್ಬ ಅಜ್ಜನ ಹತ್ರ ಸಿಕ್ತು."

ಅವಳು ಅದನ್ನು ಎದೆಗೊತ್ತಿಕೊಂಡು ಅತ್ತಳು.

"ನಿಮ್ಮಣ್ಣನ ಜಾಗ ನಂಗೆ ಬೇಡ, ಜೋಲೀನ್. ಆದ್ರೆ ಈ ಸದ್ದು ಕೇಳಿದ್ರೆ ನಾನು ಬಂದೆ ಅಂತ ನೀನು ಬಾಗಿಲು ತೆಗೀಬೇಕು. ನನ್ನ ಮನೇಲೂ ಯಾರೂ ಇಲ್ಲ ಕಣೆ... ನಿನ್ನನ್ನ ತುಂಬಾ ಪ್ರೀತಿಸ್ತೀನಿ."

ಅವಳು ಕಣ್ಣೊರೆಸಿಕೊಂಡಳು.

"ಸೈಕಲ್ ಒಳಗೆ ತಗೊಂಡು ಬಾ. ಸೂಪು ಒಬ್ಬಳಿಗಾಗೋಷ್ಟೇ ಇದೆ."

"ಹಂಚ್ಕೊಂಡ್ರಾಯ್ತು ಬಿಡು."

"ಇವತ್ತು ಹಂಚ್ಕೊಳ್ಳೋಣ," ಅಂದಳು ಜೋಲೀನ್. "ನಾಳೆಯಿಂದ ಇಬ್ಬರಿಗೂ ಮಾಡ್ತೀನಿ."