ಹಂಡೆಯ ದೃಷ್ಟಿಬೊಟ್ಟು

ಶುಕ್ರವಾರ ಸಂಜೆ ಐದೂವರೆಗೆ ಭದ್ರಾವತಿಯ ಠಾಣೆಗೆ ಬಂದ ಕವನಾ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಆಸ್ಪತ್ರೆಯಿಂದ ನೇರ ಬಂದಿದ್ದಳು. ದುಪಟ್ಟಾದ ಮೇಲೆ ಬೆಲ್ಲದ ಪಾಕದ ಕಲೆಗಳು ಒಣಗಿ ಗಟ್ಟಿಯಾಗಿದ್ದವು.

"ನಮ್ಮಮ್ಮನ ಎರಡೂ ಕೈ ಸುಟ್ಟಾಕಿದಾನೆ ಸಾರ್. ಅವನನ್ನ ಇವತ್ತೇ ಒಳಗೆ ಹಾಕಿ."

"ಯಾರಮ್ಮ ಅವನು?" ಇನ್ಸ್‌ಪೆಕ್ಟರ್ ಉಮಾಮಹೇಶ್ವರ ಕೇಳಿದರು.

"ಲೋಹಿತ್. ಅಮ್ಮನ ಜೊತೆ ಕೆಲಸ ಮಾಡೋನು. ಹಂಡೆ ಬಿಸಿ ನೋಡೋದೇ ಅವನ ಕೆಲಸ. ನೋಡದೇ ವಾಲ್ವ್ ತೆಗಿ ಅಂದಿದಾನೆ."

ಊರಂಚಿನ ಕೈಗಾರಿಕಾ ಪ್ರದೇಶದಲ್ಲಿ ಶುಂಠಿ ಪಾಕ ತಯಾರಿಸಿ ಬಾಟಲಿಗೆ ತುಂಬುವ ಒಂದು ಸಣ್ಣ ಘಟಕವಿದೆ. ಕವನಾಳ ತಾಯಿ ಪುಟ್ಟಲಕ್ಷ್ಮಿ ಅಲ್ಲಿ ಬಾಟಲಿ ತುಂಬುವ ಕೆಲಸದವಳು. ಆಳೆತ್ತರದ ಮುಚ್ಚಿದ ಸ್ಟೀಲ್ ಹಂಡೆಯಲ್ಲಿ ಪಾಕ ಕುದಿಯುತ್ತದೆ. ಐವತ್ತು ಡಿಗ್ರಿಗೆ ಇಳಿದ ಮೇಲೆ ಕೆಳಗಿನ ವಾಲ್ವ್ ತೆರೆಯುತ್ತಾರೆ. ಆ ಮಧ್ಯಾಹ್ನ ಬಂದದ್ದು ಕುದಿಯುವ ಪಾಕ. ಜಾರಿಹೋಗಿದ್ದ ಪೈಪನ್ನು ಪುಟ್ಟಲಕ್ಷ್ಮಿ ಕೈಯಲ್ಲಿ ಹಿಡಿದುಕೊಂಡಿದ್ದಳು. ನೀರಾದರೆ ಹರಿದುಹೋಗುತ್ತಿತ್ತು, ಪಾಕ ಮೈಗೆ ಅಂಟಿಕೊಂಡಿತು.

ದೂರು ಬರೆಸಿಕೊಂಡು ಭಾರತೀಯ ನ್ಯಾಯ ಸಂಹಿತೆಯ ಕಲಂ 125 ಮತ್ತು 289ರ ಅಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಮುಂದೆ ಲೋಹಿತ್, ವಿನೋಬನಗರ, ಶಿವಮೊಗ್ಗ ಎಂದು ಬಿತ್ತು. ಅವನು ಓಡಿಹೋಗಿರಲಿಲ್ಲ. ಠಾಣೆಯ ಹೊರಗಿನ ಕಲ್ಲುಬೆಂಚಿನ ಮೇಲೆ ತಾನಾಗಿಯೇ ಬಂದು ಕೂತಿದ್ದ. ಮುಖ ನೋಡಿದರೆ ಸುಟ್ಟಿದ್ದು ಅವನ ಕೈಯೇನೋ ಅನ್ನಿಸುವಂತಿತ್ತು.

"ಬಿಸಿ ನೋಡಿದೆಯಾ?"

"ನೋಡಿದೆ ಸಾರ್. ಮುಟ್ಟದೇ ಬಿಸಿ ಅಳೆಯೋ ಗನ್ ಹಿಡಿದೆ, ನಲವತ್ನಾಲ್ಕು ತೋರಿಸ್ತು."

"ಕುದಿಯೋ ಪಾಕ ನಲವತ್ನಾಲ್ಕು ಆಗುತ್ತೇನಯ್ಯ?"

"ಆಗಲ್ಲ ಸಾರ್. ಆದ್ರೆ ತೋರಿಸಿದ್ದು ಅಷ್ಟೇ. ಇವತ್ತು ಬೇಗ ಆರಿದೆ ಅಂದ್ಕೊಂಡೆ."

"ಹಂಡೆಗೆ ಮೀಟರ್ ಇಲ್ವಾ?"

"ಕೆಟ್ಟು ವರ್ಷದ ಮೇಲಾಯ್ತು. ಅವತ್ತಿಂದ ಗನ್ನೇ. ಹಂಡೆಗೆ ದೃಷ್ಟಿಬೊಟ್ಟು ಅಂತ ಕರಿ ಟೇಪ್ ಅಂಟಿಸಿತ್ತು, ಅದಕ್ಕೆ ಗೇಣುದ್ದ ದೂರದಲ್ಲಿ ಹಿಡೀಬೇಕು ಅಂತ ಮುಂಚೆ ಈ ಕೆಲಸ ನೋಡ್ತಿದ್ದ ವಸಂತಣ್ಣ ಹೇಳಿಕೊಟ್ಟಿದ್ರು. ಇವತ್ತು ಬೊಟ್ಟು ಬಿದ್ದೋಗಿತ್ತು, ಜಾಗ ಗೊತ್ತಿತ್ತಲ್ಲ, ಅಲ್ಲೇ ಹಿಡಿದೆ."

ಹೆಡ್ ಕಾನ್‌ಸ್ಟೇಬಲ್ ಭೂತಪ್ಪ ಇದನ್ನೆಲ್ಲ ಬರೆದುಕೊಂಡ. ದೃಷ್ಟಿಬೊಟ್ಟು ಎಂಬ ಪದವನ್ನೂ ಬರೆದ. ಯಾರಿಗೂ ಏನೂ ಅನ್ನಿಸಲಿಲ್ಲ. ಹೊಸ ಮನೆಗೆ, ಹೊಸ ಲಾರಿಗೆ, ಹಾಲುಗಲ್ಲದ ಕೂಸಿಗೆ ಕರಿ ಬೊಟ್ಟು ಇಡುವ ಊರಿನಲ್ಲಿ ಫಳಫಳ ಹೊಳೆಯುವ ಹಂಡೆಗೊಂದು ಬೊಟ್ಟಿದ್ದರೆ ಅದರಲ್ಲಿ ವಿಶೇಷವೇನು?

ಶನಿವಾರ ಬೆಳಿಗ್ಗೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಹಂಡೆ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಪ್ರತಿ ಗುರುವಾರ ಸಂಜೆ ಪುಟ್ಟಲಕ್ಷ್ಮಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಶುಕ್ರವಾರದ ಪೂಜೆಗೆ ಸಿದ್ಧ ಮಾಡುತ್ತಿದ್ದಳಂತೆ. ಹಂಡೆಯ ಹೊಟ್ಟೆಯ ಮೇಲೆ ಅಂಗೈ ಅಗಲದ ಚೌಕಾಕಾರದ ಅಂಟಿನ ಗುರುತು ಉಳಿದಿತ್ತು. ಅದರ ಪಕ್ಕದಲ್ಲೇ ಮಹಿಳಾ ಕಾನ್‌ಸ್ಟೇಬಲ್ ಸುಷ್ಮಾ ಪಂಚರ ಸಹಿಯಿದ್ದ ಬಿಳಿ ಚೀಟಿ ಅಂಟಿಸಿದಳು. ಗನ್ ಜಪ್ತಿಯಾಯಿತು.

ಉಮಾಮಹೇಶ್ವರ ಅದೇ ಮಧ್ಯಾಹ್ನ ಗನ್ ಹಿಡಿದು ಶಿವಮೊಗ್ಗಕ್ಕೆ ಹೋದರು. ಅಂಥ ಉಪಕರಣ ಮಾರಿ ರಿಪೇರಿ ಮಾಡುವ ಅಂಗಡಿಯವನು ಅದನ್ನು ಗೋಡೆಗೆ, ಟೀ ಲೋಟಕ್ಕೆ, ಕೊನೆಗೆ ಪಕ್ಕದಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಬಟ್ಟೆಗೆ ಹಿಡಿದು ನೋಡಿ, "ಗನ್ ಚೆನ್ನಾಗಿದೆ ಸಾರ್, ಒಂದು ಡಿಗ್ರಿ ಆಚೀಚೆ ಇಲ್ಲ" ಎಂದ.

ಗನ್ ಸರಿ ಎಂದರೆ ಲೋಹಿತ್ ಸುಳ್ಳ. ಭೂತಪ್ಪನ ಪ್ರಕಾರ ಕೇಸು ಅಲ್ಲಿಗೆ ಮುಗಿದಿತ್ತು.

"ಅರೆಸ್ಟ್ ಮೆಮೊ ಬರೀಲಾ ಸಾರ್?"

"ತಾಳಯ್ಯ. ಸುಟ್ಟುಕೊಂಡವಳ ಮಾತು ಕೇಳದೆ ಬರೀತೀಯಾ?"

ಶಿವಮೊಗ್ಗದ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಪುಟ್ಟಲಕ್ಷ್ಮಿ ಎರಡೂ ಕೈಗೆ ಬ್ಯಾಂಡೇಜ್ ಸುತ್ತಿಸಿಕೊಂಡು ದಿಂಬಿಗೊರಗಿ ಕೂತಿದ್ದಳು. ಕವನಾ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

"ಆ ಹುಡುಗ ನನ್ನ ಕಣ್ಣೆದುರಿಗೇ ಗನ್ ಹಿಡಿದ ಸಾರ್. ನಂಬರ್ ನಾನೂ ನೋಡಿದೆ, ನಲವತ್ನಾಲ್ಕು. ಅವನದೇನೂ ತಪ್ಪಿಲ್ಲ."

"ಅಮ್ಮಾ!" ಎಂದಳು ಕವನಾ.

"ಸುಮ್ನಿರೇ ಮಾರಾಯ್ತಿ. ಕಂಡಿದ್ದನ್ನ ಕಂಡ ಹಾಗೆ ಹೇಳಬೇಕು."

"ಹಂಡೆ ತಿಕ್ಕುವಾಗ ಬೊಟ್ಟು ಕಿತ್ತು ಬಂತಾ?" ಉಮಾಮಹೇಶ್ವರ ಕೇಳಿದರು.

"ದೃಷ್ಟಿಬೊಟ್ಟು ಕೀಳ್ತಾರಾ ಸಾರ್? ನಾನು ಅದರ ಸುತ್ತ ತಿಕ್ತೀನಿ, ಅದನ್ನ ಮುಟ್ಟಲ್ಲ. ಗುರುವಾರ ನಾನು ಮನೆಗೆ ಹೋಗುವಾಗ ಇತ್ತು."

ಜೀಪು ಭದ್ರಾವತಿಯ ದಾರಿ ಹಿಡಿದಾಗ ಉಮಾಮಹೇಶ್ವರರ ತಲೆಯಲ್ಲಿ ಆ ಬೊಟ್ಟು ಕೂತುಬಿಟ್ಟಿತ್ತು. ಕೈ ಸುಟ್ಟುಕೊಂಡವಳೇ ಸುಟ್ಟವನ ಪರ ಸಾಕ್ಷಿ ನುಡಿದರೆ ಯಾವ ಪೊಲೀಸನಿಗಾದರೂ ಕೇಸು ಮತ್ತೆ ಬಿಚ್ಚದೆ ವಿಧಿಯಿಲ್ಲ.

ಸೋಮವಾರ ಬೆಳಿಗ್ಗೆ ಕೆಲಸದವರು ಬರುವ ಮುನ್ನವೇ ಅವರು ಹಂಡೆಗೆ ನೀರು ತುಂಬಿಸಿ ಕುದಿಸಲು ಹೇಳಿದರು. ಮಾಲೀಕ ನಿರಂಜನ ಗೊಣಗಿದ. ಮೀಟರ್ ರಿಪೇರಿ ಮಾಡಿಸದ್ದಕ್ಕೆ ನಿಮ್ಮ ಹೆಸರೂ ಚಾರ್ಜ್‌ಶೀಟಿನಲ್ಲಿರುತ್ತದೆ ಎಂದ ಮೇಲೆ ಗೊಣಗಾಟ ನಿಂತಿತು. ಮೇಲಿನಿಂದ ದಾರ ಕಟ್ಟಿ ಇಳಿಬಿಟ್ಟ ಗಾಜಿನ ಥರ್ಮಾಮೀಟರ್ ನೀರು ತೊಂಬತ್ತೆರಡು ಡಿಗ್ರಿ ಇದೆಯೆಂದಿತು.

ಮೊದಲು ಭೂತಪ್ಪ ಗನ್ ಹಿಡಿದ. ಹಂಡೆಯ ಭಯಕ್ಕೆ ಬಾಗಿಲ ಬಳಿ ನಿಂತು ಹಿಡಿದ. ಮೂವತ್ತೆರಡು ಬಂತು.

"ಅಲ್ಲಿಂದ ಹಿಡಿದ್ರೆ ಅರ್ಧ ಗೋಡೆ ಬಿಸಿಯೂ ಸೇರುತ್ತಯ್ಯ. ಕೆಂಪು ಚುಕ್ಕಿ ಚಿಕ್ಕದು ಅಂತ ಅದು ನೋಡೋ ಜಾಗವೂ ಚಿಕ್ಕದಲ್ಲ. ದೂರ ಹೋದಷ್ಟೂ ಅಗಲ ಆಗುತ್ತೆ" ಎಂದು ಉಮಾಮಹೇಶ್ವರ, ಅಂಗಡಿಯವನಿಂದ ಮೊನ್ನೆಯಷ್ಟೇ ಕಲಿತದ್ದನ್ನು ಹುಟ್ಟಿನಿಂದ ಬಲ್ಲವರಂತೆ ಹೇಳಿದರು. "ಸುಷ್ಮಾ, ನೀನು ಹತ್ತಿರ ಹೋಗು."

ಸುಷ್ಮಾ ಗೇಣುದ್ದ ದೂರದಲ್ಲಿ ನಿಂತು ಅಂಟಿನ ಗುರುತಿಗೆ ಗುರಿಯಿಟ್ಟಳು. ಅಂಕಿ ನಲವತ್ತೈದಕ್ಕೆ ನಿಂತಿತು. ಲೋಹಿತ್ ಹೇಳಿದ್ದು ಸುಳ್ಳಲ್ಲ. ಗನ್ ಕೆಳಗಿಳಿಸುವಾಗ ಕೆಂಪು ಚುಕ್ಕಿ ಪಕ್ಕಕ್ಕೆ ಸರಿದು ಅವಳೇ ಅಂಟಿಸಿದ್ದ ಪಂಚನಾಮೆಯ ಚೀಟಿಯ ಮೇಲೆ ಬಿತ್ತು.

"ಸಾರ್, ಎಂಬತ್ತೊಂಬತ್ತು!"

ಮತ್ತೆ ಸ್ಟೀಲಿಗೆ ಹಿಡಿದಳು, ನಲವತ್ತೈದು. ಚೀಟಿಗೆ ಹಿಡಿದಳು, ಎಂಬತ್ತೊಂಬತ್ತು. ಹಂಡೆ ಒಂದೇ, ಬಿಸಿ ಒಂದೇ, ಎರಡು ಬೆರಳು ಅಂತರದಲ್ಲಿ ಅಂಕಿ ಎರಡು. ಉಮಾಮಹೇಶ್ವರ ಅಂಗಡಿಯವನಿಗೆ ಫೋನ್ ಮಾಡಿದರು.

"ಅಯ್ಯೋ, ಸ್ಟೀಲಿಗೆ ಹಿಡಿದ್ರಾ? ಮೊದಲೇ ಹೇಳಬಾರದಾ ಸಾರ್! ಹೊಳೆಯೋ ಸ್ಟೀಲ್ ಕನ್ನಡಿ ಇದ್ದ ಹಾಗೆ. ತನ್ನ ಬಿಸಿ ಅಷ್ಟಾಗಿ ಹೊರಗೆ ಬಿಡಲ್ಲ, ಎದುರಿಗಿರೋ ಗೋಡೆ ಬಿಸೀನೇ ಗನ್ನಿಗೆ ತೋರಿಸುತ್ತೆ. ಅದಕ್ಕೇ ಒಂದು ಟೇಪೋ ಕಾಗದವೋ ಅಂಟಿಸಿ, ಅದು ಹಂಡೆಯಷ್ಟೇ ಬಿಸಿ ಆಗೋ ತನಕ ಕಾದು, ಅದರ ಮೇಲೆ ಹಿಡೀಬೇಕು."

"ಕಪ್ಪು ಟೇಪೇ ಆಗಬೇಕಾ?"

"ಬಣ್ಣದ್ದೇನಿಲ್ಲ ಸಾರ್. ಹೊಳಪು ಇರಬಾರದು, ಅಷ್ಟೇ."

ಉಮಾಮಹೇಶ್ವರ ಫೋನ್ ಜೇಬಿಗಿಟ್ಟರು. ಹಂಡೆಯ ಮೇಲಿದ್ದದ್ದು ದೃಷ್ಟಿಬೊಟ್ಟಲ್ಲ, ಬಿಸಿ ನೋಡುವ ಜಾಗ. ಇನ್ನು ಮುಂದಿನದು ಅವರಿಗೆ ಸಲೀಸಾಗಿ ಕಂಡಿತು. ಬೊಟ್ಟೆಂದು ನಂಬಿದವರು ಯಾರೂ ಅದನ್ನು ಕೀಳುವುದಿಲ್ಲ. ಕಿತ್ತವನು ಅದು ಬೊಟ್ಟಲ್ಲವೆಂದು ತಿಳಿದವನು.

ಆ ಮಧ್ಯಾಹ್ನವೇ ಶೆಡ್ಡಿನ ಐವರು ಕೆಲಸಗಾರರನ್ನೂ ಠಾಣೆಗೆ ಕರೆಸಿದರು. ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ, ಆ ಕರಿ ಟೇಪು ಯಾಕಿತ್ತು? ಐವರೂ ಕೊಟ್ಟದ್ದು ಒಂದೇ ಉತ್ತರ, ದೃಷ್ಟಿಗೆ. ಲೋಹಿತನಿಗಿಂತ ಮುಂಚೆ ಹಂಡೆ ನೋಡಿಕೊಳ್ಳುತ್ತಿದ್ದ, ಈಗ ಲಾರಿಗೆ ಬಾಕ್ಸ್ ತುಂಬುವ ವಸಂತ್ ಕೂಡ ಹಾಗೇ ಅಂದ. ಹಣೆಯ ತುಂಬ ದಪ್ಪಗೆ ವಿಭೂತಿ ಧರಿಸಿದ, ಐವತ್ತರ ಆಸುಪಾಸಿನ, ಮಿತಮಾತಿನ ಆಸಾಮಿ.

"ಸರಿ. ಇದೊಂದು ಕೆಲಸ ಮಾಡಿ ಹೋಗಿ" ಎಂದು ಉಮಾಮಹೇಶ್ವರ ಮೇಜಿನ ಮೇಲಿದ್ದ ಸ್ಟೀಲ್ ಚೊಂಬು ತೋರಿಸಿದರು. ಮುಚ್ಚಳ ಮುಚ್ಚಿತ್ತು, ಒಳಗೆ ಆಗತಾನೇ ಕುದಿದ ನೀರು. "ಎಷ್ಟು ಬಿಸಿ ಇದೆ ನೋಡಿ ಹೇಳಿ. ಮುಟ್ಟಬಾರದು."

ಮೊದಲ ನಾಲ್ವರು ಗನ್ ಹಿಡಿದು, ನಲವತ್ತು, ನಲವತ್ತೆರಡು ಎಂದು ಕಂಡದ್ದನ್ನು ಒಪ್ಪಿಸಿ ಹೋದರು. ಅವರಲ್ಲಿ ಲೋಹಿತನೂ ಒಬ್ಬ. ವಸಂತ್ ಕೊನೆಯವನು. ಗನ್ ಹಿಡಿದ, ನಲವತ್ತೊಂದು ಬಂತು. ಹಾಗೆಂದು ಹೇಳಿದ್ದರೆ ಮುಗಿಯುತ್ತಿತ್ತು, ಅವನನ್ನು ಹಿಡಿಯಲು ಪೊಲೀಸರ ಬಳಿ ಬೇರೇನೂ ಇರಲಿಲ್ಲ. ಆದರೆ ಹನ್ನೊಂದು ವರ್ಷ ಬಿಸಿ ನೋಡಿದ ಮನುಷ್ಯನಿಗೆ ತಪ್ಪು ಅಂಕಿ ಹೇಳಲು ಬಾಯಿ ಬರಲಿಲ್ಲ. ಹುಬ್ಬು ಗಂಟಿಕ್ಕಿದ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಹಣೆಯ ವಿಭೂತಿಗೆ ಒತ್ತಿ, ಚೊಂಬಿನ ಹೊಟ್ಟೆಗೆ ದಪ್ಪಗೆ ಬಳಿದ. ಅದು ಒಣಗುವವರೆಗೆ ಕಾದ. ಬಳಿದ ಜಾಗಕ್ಕೆ ಗನ್ನನ್ನು ನಾಲ್ಕು ಬೆರಳಿನಷ್ಟು ಹತ್ತಿರ ತಂದು ಒತ್ತಿದ.

"ಎಪ್ಪತ್ತೆಂಟು ತೋರಿಸ್ತಿದೆ. ವಿಭೂತಿ ತೆಳು, ಸಾಲದು. ಎಂಬತ್ತೈದರ ಮೇಲಿರುತ್ತೆ ಸಾರ್" ಎಂದ.

ಹೇಳಿ ತಲೆಯೆತ್ತಿದಾಗ ಕೋಣೆಯಲ್ಲಿದ್ದವರೆಲ್ಲ ತನ್ನನ್ನೇ ನೋಡುತ್ತಿರುವುದು ಅವನಿಗೆ ಕಂಡಿತು. ಬಿಳಿ ಹತ್ತಿದ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಗನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಟೇಪ್ ಎಲ್ಲಿದೆ ವಸಂತ್?"

"ನನ್ನ ಬೀರು ಬಾಗಿಲಿನ ಒಳಗಡೆ ಅಂಟಿಸಿದೀನಿ. ಮತ್ತೆ ಹಚ್ಚಬೇಕಿತ್ತಲ್ಲ ಸಾರ್."

ಪೊಲೀಸರ ಮುಂದೆ ಆಡಿದ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ತೋರಿಸಿಕೊಟ್ಟ ವಸ್ತು ನಿಲ್ಲುತ್ತದೆ. ಪಂಚರೊಂದಿಗೆ ಶೆಡ್ಡಿಗೆ ಹೋಗಿ ಬೀರು ತೆಗೆಸಿದರು. ಟೇಪು ಅಲ್ಲೇ ಇತ್ತು, ಹಂಡೆಯ ಅಂಟಿನ ಗುರುತಿಗೆ ಅಂಚಿಗೆ ಅಂಚು ಕೂಡಿತು. ಸಂಜೆ ಆರಕ್ಕೆ ಬಂಧನ. ಲೋಹಿತನನ್ನು ಆರೋಪದಿಂದ ಕೈಬಿಡುವ ವರದಿಗೆ ಉಮಾಮಹೇಶ್ವರ ಅಲ್ಲೇ ಸಹಿ ಹಾಕಿದರು. ಹುಡುಗ ಥ್ಯಾಂಕ್ಸ್ ಹೇಳಲು ಹೋಗಿ ಅತ್ತುಬಿಟ್ಟ. ಭೂತಪ್ಪ ಅವನ ಬೆನ್ನು ತಟ್ಟಿ, "ನಿನ್ನ ಮೇಲೆ ನನಗೆ ಮೊದಲಿಂದ್ಲೂ ಅನುಮಾನ ಇರಲಿಲ್ಲ ಮಾರಾಯ" ಎಂದ. ಸುಷ್ಮಾ ನಗು ತಡೆಯಲು ಆಚೆ ತಿರುಗಿದಳು.

ವಸಂತನ ಹೇಳಿಕೆ ಒಂದು ಪುಟವೂ ಆಗಲಿಲ್ಲ. ಮೀಟರ್ ಕೆಟ್ಟಾಗ ಟೇಪಿನ ಉಪಾಯ ಕಂಡುಕೊಂಡವನು ಅವನೇ. ಯಾರೋ ದೃಷ್ಟಿಬೊಟ್ಟೇ ಎಂದು ಕೇಳಿದಾಗ ಹೌದು ಎಂದು ಸುಮ್ಮನಾದ. ಚುರುಕಾಗಿದ್ದಾನೆಂದು ಮಾಲೀಕ ಲೋಹಿತನನ್ನು ಹಂಡೆಯ ಕೆಲಸಕ್ಕೆ ಹಾಕಿ ತನ್ನನ್ನು ಲಾರಿ ತುಂಬಲು ಕಳಿಸಿದಾಗ ಎಲ್ಲ ಕಲಿಸಿದ, ಅದೊಂದನ್ನು ಬಿಟ್ಟು.

"ಬಿಸಿ ಪಾಕ ಬಿದ್ದು ಪ್ಲಾಸ್ಟಿಕ್ ಬಾಟಲಿ ಮುದುಡ್ತಾವೆ, ಅಷ್ಟೇ ಅಂದ್ಕೊಂಡೆ ಸಾರ್. ಯಾಕೆ ಹಿಂಗಾಯ್ತು ವಸಂತಾ ಅಂತ ಸಾಹುಕಾರ್ರು ಬಂದು ಕೇಳ್ತಾರೆ. ಆವಾಗ ಟೇಪ್ ಹಚ್ಚಿ ತೋರಿಸೋಣ ಅಂತಿದ್ದೆ. ನನ್ನ ಒಂದು ಮಾತು ಯಾರೂ ಕೇಳ್ತಿರಲಿಲ್ಲ. ಪೈಪ್ ಜಾರುತ್ತೆ, ಪುಟ್ಟಕ್ಕ ಕೈಯಲ್ಲಿ ಹಿಡೀತಾಳೆ ಅಂತ ಯಾರು ಕಂಡಿದ್ರು?"

ಮರುದಿನ ಉಮಾಮಹೇಶ್ವರ ಸುಷ್ಮಾಳೊಂದಿಗೆ ಮರುಹೇಳಿಕೆಗೆಂದು ಆಸ್ಪತ್ರೆಗೆ ಹೋಗಿ ಇದನ್ನು ಪುಟ್ಟಲಕ್ಷ್ಮಿಗೆ ತಿಳಿಸಿದರು. ಅವಳು ಬ್ಯಾಂಡೇಜಿನ ಕೈಗಳನ್ನು ನೋಡಿಕೊಂಡಳು. ಬೆರಳುಗಳು ಮೊದಲಿನಂತೆ ಮಡಚಲು ತಿಂಗಳುಗಳೇ ಬೇಕೆಂದು ಡಾಕ್ಟರ್ ಬೆಳಿಗ್ಗೆ ಹೇಳಿದ್ದರು.

"ಯಾರೂ ಕೇಳ್ತಿರಲಿಲ್ಲ ಅಂದ್ನಾ? ದಿನಾ ಮಧ್ಯಾಹ್ನ ನಾನು ಕೇಳ್ತಿದ್ದೆನಲ್ಲ ಸಾರ್, ಊಟ ಆಯ್ತಾ ವಸಂತಣ್ಣ ಅಂತ."

ಆ ಮಾತನ್ನು ಹೇಳಿಕೆಯಲ್ಲಿ ಬರೆಯಬೇಕೇ ಎಂದು ಸುಷ್ಮಾ ಕಣ್ಣಲ್ಲೇ ಕೇಳಿದಳು. ಬರಿ ಎಂದು ಉಮಾಮಹೇಶ್ವರ ತಲೆಯಾಡಿಸಿದರು. ಬ್ಯಾಂಡೇಜಿನ ಕೈಯಲ್ಲಿ ಸಹಿ ಹಾಕಲಾಗದ್ದರಿಂದ, ಓದಿ ಹೇಳಿದ್ದನ್ನು ಕೇಳಿ ಪುಟ್ಟಲಕ್ಷ್ಮಿ ಸರಿಯಿದೆ ಎಂದಿದ್ದಾಳೆ ಎಂದು ಸುಷ್ಮಾ ಕೆಳಗೆ ಷರಾ ಬರೆದಳು.