ಬಾಗಿಲಿಗೆ ಬಂದ ಕೋಲು

"ಆಗಲ್ಲ ಮೇಡಂ. ನಿಮ್ಮನ್ನ ಕಳಿಸಿದ್ರೆ ಈ ಶಾಲೆಗೆ ಬೀಗ ಹಾಕ್ಬೇಕಾಗುತ್ತೆ. ಹೆಂಗ್ ಕಳಿಸ್ಲಿ ಹೇಳ್ರಿ?"

ಪ್ರಸನ್ನಕುಮಾರ್ ಸಾರ್ ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಸುತ್ತಲಿನ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಸಾರ್ ಅವರು. ಯಾವಾಗಲೂ ಅವಸರ. ಎಷ್ಟು ಅವಸರ ಅಂದರೆ, ಬಂದಾಗ ಬೈಕಿನ ಎಂಜಿನ್ನನ್ನೂ ಆಫ್ ಮಾಡುತ್ತಿರಲಿಲ್ಲ. ಅದು ಬಾಗಿಲ ಮುಂದಿನ ಹೊಂಗೆ ಮರದ ಕೆಳಗೆ ಡುಗುಡುಗು ಅನ್ನುತ್ತಲೇ ಇತ್ತು.

"ಒಂದೇ ವಾರ ಸಾರ್," ಎಂದರು ನೇತ್ರಾವತಿ ಮಿಸ್.

"ಒಂದು ದಿನ ಆದ್ರೂ ಅಷ್ಟೇ. ಮಕ್ಕಳನ್ನ ಯಾರು ನೋಡ್ಕೋತಾರೆ? ಇರೋರು ನೀವೊಬ್ರೇ."

ಐದನೇ ಕ್ಲಾಸಿನ ಕಾಟಮ್ಮ ಕೊನೆಯ ಸಾಲಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳದೆ ಇರಬೇಕೆಂದರೆ ಇನ್ನೊಂದು ರೂಮಾದರೂ ಬೇಕಲ್ಲ! ಒಂದೇ ರೂಮು, ಒಂದೇ ಬೋರ್ಡು, ಒಂದರಿಂದ ಐದನೇ ಕ್ಲಾಸಿನವರೆಗೆ ಒಬ್ಬರೇ ಮಿಸ್. ಮಾಡದಕೆರೆಯಿಂದ ಆಚೆ, ಕುರಿ ಸಾಕುವವರ ಆ ಹಟ್ಟಿಗೆ ಇದ್ದದ್ದು ಅದೊಂದೇ ಶಾಲೆ.

ಇದಕ್ಕೆಲ್ಲ ಕಾರಣ ಕಾಟಮ್ಮನೇ.

ಮಳೆಗಾಲದಲ್ಲಿ ಒಂದು ದಿನ ಅವಳು ಅಪ್ಪನ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ಶಾಲೆಗೆ ಬಂದಿದ್ದಳು. "ಮಿಸ್, ಕಂಬಳಿ ಪೂರಾ ನೆಂದೈತೆ. ಆದ್ರೂ ಒಳಗೆ ಬೆಚ್ಚಗೈತೆ. ಯಾಕೆ ಮಿಸ್?" ಎಂದು ಕೇಳಿದ್ದಳು.

ಮಿಸ್ ಕಂಬಳಿಯನ್ನು ಮುಟ್ಟಿ ನೋಡಿದರು. ಮೂಸಿ ನೋಡಿದರು. ಒಂದು ಸೀನು ಸೀನಿದರು. ಆಮೇಲೆ, "ನಂಗೆ ಗೊತ್ತಿಲ್ಲ ಕಣೇ," ಎಂದುಬಿಟ್ಟರು.

ಇಡೀ ಕ್ಲಾಸಿಗೆ ಆಶ್ಚರ್ಯ. ಮಿಸ್‌ಗೂ ಗೊತ್ತಿಲ್ಲದ್ದು ಇರುತ್ತಾ?

ಅದೇ ವಾರ ಮಿಸ್ ಹಟ್ಟಿಯ ಹಿಂದಿನ ಬಂಡೆ ಹತ್ತಿದರು. ಮೊಬೈಲಿಗೆ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಮೈಸೂರಿನಲ್ಲಿ ಟೀಚರುಗಳಿಗೆ ವಿಜ್ಞಾನದ ಟ್ರೈನಿಂಗ್ ಇತ್ತು. ಅದನ್ನು ಪೂರ್ತಿ ಮಾಡಿ ಬಂದವರ ಶಾಲೆಗೆ ಮೈಕ್ರೋಸ್ಕೋಪು, ಇನ್ನೂ ಏನೇನೋ ಸಾಮಾನು ಕೊಳ್ಳಲು ಗ್ರ್ಯಾಂಟ್ ಕೊಡುತ್ತಿದ್ದರು. ಮಿಸ್ ಬಂಡೆಯ ಮೇಲೆ ಕೊಡೆ ಹಿಡಿದು ಕೂತೇ ಅರ್ಜಿ ಹಾಕಿದರು. ಸೆಲೆಕ್ಟ್ ಆದದ್ದು ಗೊತ್ತಾದ ದಿನ ಎಲ್ಲರಿಗೂ ಕಡಲೆಮಿಠಾಯಿ ಹಂಚಿದ್ದರು.

ಈಗ ಅದೇ ಮಿಸ್ ಸಾರ್ ಮುಂದೆ ನೆಲ ನೋಡುತ್ತ ನಿಂತಿದ್ದರು.

"ಸರಿ ಸಾರ್. ನಾನು ಹೋಗಲ್ಲ."

"ಅದನ್ನೇ ಬರೆದು ಇಟ್ಟಿರಿ. ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ. ನಿಮ್ಮ ಸೀಟನ್ನ ಬೇರೆಯವ್ರಿಗೆ ಕೊಡ್ತಾರೆ," ಎಂದು ಸಾರ್ ಹೊರಟೇಹೋದರು.

"ಹೇ! ಮಿಸ್ ಹೋಗಲ್ಲ!" ಎಂದು ಪಕ್ಕದಲ್ಲಿ ಕೂತಿದ್ದ ಗಿರೀಶ ಚಪ್ಪಾಳೆ ತಟ್ಟಿದ. ಚಿಕ್ಕವರೆಲ್ಲ ತಟ್ಟಿದರು. ಕಾಟಮ್ಮನೂ ತಟ್ಟಲು ಕೈ ಎತ್ತಿದ್ದಳು. ಅಷ್ಟರಲ್ಲಿ ಮಿಸ್ ಡಸ್ಟರ್ ತೆಗೆದುಕೊಂಡು ಬೋರ್ಡ್ ಒರೆಸತೊಡಗಿದರು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ.

ಎತ್ತಿದ ಕೈ ಹಾಗೇ ಕೆಳಗಿಳಿಯಿತು.

ಸಂಜೆ ಕಾಟಮ್ಮ ನೇರ ಗೋವಿಂದಪ್ಪನ ಹತ್ತಿರ ಹೋದಳು. ಶಾಲೆ ಸಮಿತಿಯ ಅಧ್ಯಕ್ಷ ಅವನೇ. ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದ.

"ದೊಡ್ಡಪ್ಪ, ಮಿಸ್ ಒಂದು ವಾರ ಹೋಗಿ ಬರ್ಲಿ ಅಂತ ಸಾರ್‌ಗೆ ಹೇಳು."

"ಹೋಗಿ ಬರ್ಲಿ ಅಂತೆ!" ಗೋವಿಂದಪ್ಪ ನಕ್ಕ. "ಹಿಂದ್ಲ ಮೇಷ್ಟ್ರು ಜಯಕುಮಾರ್ ಹಿಂಗೇ ಟ್ರೈನಿಂಗು ಅಂತ ಹೋದ. ಬಂದ್ನಾ? ಹಂಗೇ ಟ್ರಾನ್ಸ್‌ಫರ್ ತಗೊಂಡ. ಮಳೆಗಾಲ ಪೂರಾ ಶಾಲೆಗೆ ಬೀಗ. ಮತ್ತೆ ಬೀಗ ಬಿದ್ರೆ, ಇಷ್ಟು ಮಕ್ಳಿಗೆ ಇಲ್ಲಿ ಯಾಕೆ ಶಾಲೆ ಅಂತ ಮುಚ್ಚೇಬಿಡ್ತಾರೆ. ಆಮ್ಯಾಕೆ ನಿನ್ನ ತಂಗಿ ಮಾಡದಕೆರೆಗಂಟ ನಡ್ಕೊಂಡು ಹೋಗ್ತಾಳೇನು?"

"ಬೀಗ ಹಾಕೋದ್ಯಾಕೆ? ನೀವೆಲ್ಲ ಇಲ್ವಾ?"

"ಏನೇ ಕಾಟಿ, ನನಗೇ ಎದುರು ಮಾತಾಡ್ತೀಯಾ? ನಡಿ ನಡಿ, ಮನೆಗೆ."

ಕಾಟಮ್ಮ ಕಲ್ಲುಗಳನ್ನು ಒದೆಯುತ್ತ ಮನೆಗೆ ಬಂದಳು. ಜಯಕುಮಾರ್ ಮೇಷ್ಟ್ರು ಹೋದದ್ದು ಅವಳಿಗೂ ನೆನಪಿತ್ತು. 'ಬರ್ತೀನಿ ಮಕ್ಕಳೇ' ಎಂದು ಕೈ ಬೀಸಿ ಹೋಗಿದ್ದರು. ನೇತ್ರಾವತಿ ಮಿಸ್ ಕೂಡ ಬರದೇ ಇದ್ದರೆ?

ಮನೆ ಬಾಗಿಲಿಗೆ ಒಂದು ಕೋಲು ಒರಗಿತ್ತು. ಪಕ್ಕದ ಮನೆ ಕಾಟಲಿಂಗಪ್ಪನ ಕೋಲು.

ಅಪ್ಪ ರಂಗೇಶ್ ಆ ಕೋಲನ್ನು ನೋಡಿದ ಕೂಡಲೇ ಎದ್ದ. ಹೋಗಿ ಕಾಟಲಿಂಗಪ್ಪನ ಕುರಿಗಳನ್ನೂ ಹೊಡೆದುಕೊಂಡು ಬಂದು ತಮ್ಮ ರೊಪ್ಪದೊಳಗೆ ಕೂಡಿ, ಮುಳ್ಳಿನ ಬಾಗಿಲು ಎಳೆದ.

ಹಟ್ಟಿಯಲ್ಲಿ ಹಾಗೇ. ಯಾರಾದರೂ ಮದುವೆಗೋ ಆಸ್ಪತ್ರೆಗೋ ಹೋಗಬೇಕಾದರೆ, ತಮ್ಮ ಕೋಲನ್ನು ಇನ್ನೊಬ್ಬರ ಬಾಗಿಲಿಗೆ ಒರಗಿಸಿ ಹೋಗುತ್ತಾರೆ. ಮಾರನೇ ದಿನ ಆ ಮನೆಯವರು ಕುರಿ ಕಾಯಬೇಕು. ಸಂಜೆ ಕೋಲು ಮುಂದಿನ ಮನೆಗೆ. ಹೀಗೆ ಪಾಳಿ ತಿರುಗುತ್ತದೆ.

"ಅಜ್ಜಿ, ಕಾಟಲಿಂಗಣ್ಣ ತಿರುಗಿ ಬರದೇ ಇದ್ರೆ?"

ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. "ಹಿರಿಯೂರಿಗೆ ಮದುವೆಗೆ ಹೋಗವ್ನೆ. ಬರದೇ ಏನು ಮಾಡ್ತಾನೆ? ಬರದೇ ಇರೋನು ಕೋಲು ತಗೊಂಡೇ ಹೋಗ್ತಾನೆ ಕಣೇ. ಬರೋನು ಇಟ್ಟು ಹೋಗ್ತಾನೆ."

"ಈ ಕೋಲು ನಂಗೆ ಬ್ಯಾಡ ಅಂತ ಯಾರಾದ್ರೂ ಅಂದ್ರೆ?"

"ಬಾಗ್ಲಿಗೆ ಬಂದ ಕೋಲ್ನ ಬ್ಯಾಡ ಅನ್ನೋ ಮನೆ ಈ ಹಟ್ಟೀಲಿ ಇಲ್ಲ. ಅಂದ್ರೆ ನಾಳೆ ಅವನ ಕುರೀನ ಯಾರು ಕಾಯ್ತಾರೆ?"

ಕಾಟಮ್ಮ ಎದ್ದು ಗಿರೀಶನ ಮನೆಗೆ ಓಡಿದಳು. ಆ ವಾರ ಶಾಲೆಯ ಬೀಗದ ಕೈ ಇದ್ದದ್ದು ಅವನ ಹತ್ತಿರ.

"ಹೋಗಾಣ ಬಾರೋ."

"ಎಲ್ಲಿಗೆ?"

"ಶಾಲೆಗೆ."

"ಈಗ? ನಿಂಗೇನು ತಲೆ ಕೆಟ್ಟೈತಾ? ಹೋಂವರ್ಕು ಮಾಡಿಲ್ಲ ಅಂತ ಬೆಳಿಗ್ಗೆ ಹೋಗೋಕೇ ಹೆದರ್ತೀನಿ!"

ಆದರೂ ಬಂದ. ಕಾಟಮ್ಮ ಬೀಗ ತೆಗೆದು, ಮಿಸ್ ಭೂಪಟ ತೋರಿಸುವ ಉದ್ದನೆಯ ಕೋಲನ್ನು ಎತ್ತಿಕೊಂಡಳು. ತುದಿಗೆ ಸೀಮೆಸುಣ್ಣದ ಬಿಳಿ ಹತ್ತಿದ್ದ ಕೋಲು ಅದು. ಹಟ್ಟಿಯ ದೀಪಗಳು ಹತ್ತುವ ಹೊತ್ತಿಗೆ ಅದು ಗೋವಿಂದಪ್ಪನ ಬಾಗಿಲಿಗೆ ಒರಗಿತ್ತು.

ಬೆಳಿಗ್ಗೆ ಪ್ರಾರ್ಥನೆ ಮುಗಿದಿತ್ತೋ ಇಲ್ಲವೋ, ಗೋವಿಂದಪ್ಪ ಕೋಲು ಹಿಡಿದು ಶಾಲೆಗೆ ಬಂದ. ಅವನ ಹಿಂದೆ ಅರ್ಧ ಹಟ್ಟಿ.

"ಯಾರಲೇ ಈ ಕೋಲ್ನ ನನ್ನ ಬಾಗ್ಲಿಗೆ ಇಟ್ಟಿದ್ದು?"

ಗಿರೀಶ ಮೆಲ್ಲಗೆ ಎರಡನೇ ಕ್ಲಾಸಿನವರ ಮಧ್ಯೆ ಹೋಗಿ ಕೂತುಬಿಟ್ಟ.

"ನಾನು," ಎಂದು ಕಾಟಮ್ಮ ಎದ್ದು ನಿಂತಳು. ಕಾಲನ್ನು ನೆಲಕ್ಕೆ ಒತ್ತಿ ಹಿಡಿದಳು. "ಮಿಸ್ ಮೈಸೂರಿಗೆ ಹೋಗ್ಬೇಕು. ಮೊದಲ್ನೇ ದಿನ ಶಾಲೆ ನೋಡ್ಕೊಳ್ಳೋ ಪಾಳಿ ನಿಂದು. ಆಮೇಲೆ ಪಕ್ಕದ ಮನೇದು. ಬೀಗ ಯಾರೂ ಹಾಕಂಗಿಲ್ಲ."

"ಕಾಟಮ್ಮ!" ಎಂದರು ಮಿಸ್ ಗಾಬರಿಯಿಂದ.

"ಕೋಲು ಯಾರು ಇಡ್ಬೇಕು ಅನ್ನೋದೇ ಗೊತ್ತಿಲ್ಲ, ಪಾಳಿ ಹಚ್ಚಾಕೆ ಬಂದವ್ಳೆ!" ಗೋವಿಂದಪ್ಪ ದನಿ ಏರಿಸಿದ. "ಹೋಗೋರು ಇಡ್ಬೇಕು ಕಣಮ್ಮ ಕೋಲ್ನ. ಅವ್ರ ಕೋಲ್ನ ನೀನು ಇಟ್ರೆ ನಡಿಯಲ್ಲ. ತಗೋ."

ಕಾಟಮ್ಮನ ಮುಖ ಕೆಂಪಾಯಿತು. ಹೌದಲ್ಲ! ಹೋಗುವವರೇ ಇಡಬೇಕು. ಮನೆಮನೆಯಲ್ಲೂ ನೋಡಿದ್ದಳು. ಆದರೂ ಹೊಳೆದಿರಲಿಲ್ಲ.

ಆಗಲೇ ಹೊಂಗೆ ಮರದ ಕೆಳಗೆ ಡುಗುಡುಗು ಸದ್ದು. ಪ್ರಸನ್ನಕುಮಾರ್ ಸಾರ್ ಬಂದರು.

"ಏನ್ರಿ ಇದು ಜಾತ್ರೆ? ಮೇಡಂ, ಬರೆದು ಇಟ್ಟಿದ್ದೀರಾ? ಕೊಡ್ರಿ, ಇನ್ನೊಂದು ಶಾಲೆಗೆ ಹೋಗ್ಬೇಕು."

ಮಿಸ್ ಕೈಯಲ್ಲಿ ಮಡಚಿದ ಕಾಗದ ಇತ್ತು. ಕಾಟಮ್ಮ ಗೋವಿಂದಪ್ಪನ ಕೈಯಿಂದ ಕೋಲು ತೆಗೆದುಕೊಂಡು ಮಿಸ್ ಮುಂದೆ ಚಾಚಿದಳು.

"ಮಿಸ್, ನಾನು ಇಟ್ರೆ ನಡಿಯಲ್ಲಂತೆ. ನೀವೇ ಇಡ್ರಿ."

ಮಿಸ್ ಕೋಲನ್ನು ನೋಡಿದರು. ಕಾಗದವನ್ನು ನೋಡಿದರು. ಬಾಗಿಲ ತುಂಬ ನಿಂತ ಜನರನ್ನು ನೋಡಿದರು. ಹೊರಗೆ ಬೈಕ್ ಡುಗುಡುಗು ಅನ್ನುತ್ತಿತ್ತು.

ಆಮೇಲೆ ಮಿಸ್ ಕಾಗದವನ್ನು ಎರಡು ಮಾಡಿ ಹರಿದು ಕಸದ ಬುಟ್ಟಿಗೆ ಹಾಕಿದರು. ಕೋಲು ತೆಗೆದುಕೊಂಡು ಸೀದಾ ಹೊಂಗೆ ಮರದ ಹತ್ತಿರ ಹೋದರು. ಅದನ್ನು ಸಾರ್ ಬೈಕಿಗೆ ಒರಗಿಸಿದರು.

"ಇದೇನು ಮೇಡಂ?"

"ಸಾರ್, ನೀವೂ ಮೇಷ್ಟ್ರೇ ಅಲ್ವಾ? ಮಕ್ಕಳಿಗೆ ಟೀಚರ್ ಇಲ್ಲ ಅಂತ ತಾನೇ ನೀವು ಹೇಳಿದ್ದು? ನೀವಿದ್ದೀರಲ್ಲ," ಎಂದರು ಮಿಸ್. "ಇಷ್ಟು ವರ್ಷ ಒಬ್ಬಳೇ ಐದು ಕ್ಲಾಸು ಮಾಡಿದ್ದೀನಿ. ಈಗ ನಾನು ಕಲಿಯೋಕೆ ಹೋಗ್ಬೇಕು. ಒಂದು ವಾರ."

"ರೀ, ನಾನು ಪಾಠ ಮಾಡಿ ಎಷ್ಟು ವರ್ಷ ಆಯ್ತು! ನಾನೊಬ್ನೇ ಹೆಂಗೆ..."

"ಒಬ್ರೇ ಯಾಕೆ ಸಾರ್?" ಗೋವಿಂದಪ್ಪ ಗಂಟಲು ಸರಿಮಾಡಿಕೊಂಡ. "ಪಾಠ ನೀವು ಮಾಡ್ರಿ. ಮಕ್ಳನ್ನ ಹಿಡಿದು ಕೂರ್ಸಾಕೆ ದಿನಾ ಒಂದು ಮನೆಯೋರು ಬರ್ತೀವಿ. ಮಿಸ್ ತಾವೇ ಕೋಲು ಇಟ್ಟವ್ರೆ, ತಿರುಗಿ ಬಂದೇ ಬರ್ತಾರೆ. ಬಾಗ್ಲಿಗೆ ಬಂದ ಕೋಲು ಸಾರ್. ಬ್ಯಾಡ ಅನ್ನಬಾರ್ದು."

"ಇದು ಬಾಗಿಲಲ್ಲ, ಬೈಕು!"

"ಬಾಗ್ಲಲ್ಲೇ ಐತಲ್ಲ ಸಾರ್ ಬೈಕು," ಎಂದಳು ಕಾಟಮ್ಮನ ಅಜ್ಜಿ ಹಿಂದಿನಿಂದ.

ಎಲ್ಲರೂ ಹೋ ಎಂದು ನಕ್ಕರು. ಪ್ರಸನ್ನಕುಮಾರ್ ಸಾರ್ ನಗಲಿಲ್ಲ. ಬೈಕಿನ ಹತ್ತಿರ ಹೋದರು. ಹೊರಟೇಹೋಗುತ್ತಾರೆ ಎಂದುಕೊಂಡಳು ಕಾಟಮ್ಮ. ಅವರು ಬಗ್ಗಿ ಕೀ ತಿರುಗಿಸಿದರು.

ಡುಗುಡುಗು ನಿಂತುಹೋಯಿತು.

ಮುಂದಿನ ಸೋಮವಾರ ಮಿಸ್ ಮೈಸೂರಿಗೆ ಹೊರಟರು.

ಮೊದಲನೇ ದಿನ ಗೋವಿಂದಪ್ಪನ ಪಾಳಿ. ಮಕ್ಕಳು ಒಳಗೆ ಹೋಗುವಾಗ ಕುರಿ ಎಣಿಸಿದ ಹಾಗೆ ಒಬ್ಬೊಬ್ಬರ ಬೆನ್ನು ಮುಟ್ಟಿ ಎಣಿಸಿದ. ಒಂದನೇ ಕ್ಲಾಸಿನ ಹುಡುಗನೊಬ್ಬ ಹೊರಗೆ ಓಡಿದಾಗ "ಹೊಯ್! ಹಿರ್ರ್ರ್!" ಎಂದು ಕೂಗಿದ. ಹುಡುಗ ನಿಜವಾಗಿಯೂ ವಾಪಸ್ ಬಂದ. ಅಜ್ಜಿಯ ಪಾಳಿಯ ದಿನ ಬಿಸಿಯೂಟ ಆದಮೇಲೆ ಅವಳೇ ಗೋಡೆಗೆ ಒರಗಿ ಗೊರಕೆ ಹೊಡೆದಳು. ಚಿಕ್ಕವರೆಲ್ಲ ಬಾಯಿ ಮೇಲೆ ಬೆರಳಿಟ್ಟುಕೊಂಡು ಕಾಲ್ಬೆರಳ ತುದಿಯಲ್ಲಿ ನಡೆದರು.

ಪ್ರಸನ್ನಕುಮಾರ್ ಸಾರ್ ದಿನಾ ಬಂದರು. ಒಂದನೇ ಕ್ಲಾಸಿಗೆ ಹಾಡು, ಮೂರನೇ ಕ್ಲಾಸಿಗೆ ಮಗ್ಗಿ, ಐದನೇ ಕ್ಲಾಸಿಗೆ ನಕ್ಷೆ. ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲು ಕಟ್ಟಿಹೋಗುತ್ತಿತ್ತು.

"ನಿಮ್ಮ ಮಿಸ್ ದಿನಾ ಹೆಂಗೆ ಮಾಡ್ತಾರಮ್ಮ ಇದನ್ನ?" ಎಂದು ಒಮ್ಮೆ ಕಾಟಮ್ಮನನ್ನೇ ಕೇಳಿದರು.

"ಗೊತ್ತಿಲ್ಲ ಸಾರ್," ಎಂದಳು ಕಾಟಮ್ಮ. ಹಾಗೆಂದು ಹೇಳಲು ಅವಳಿಗೆ ಈಗ ನಾಚಿಕೆ ಆಗಲಿಲ್ಲ.

ಮಿಸ್ ಬರಬೇಕಾದ ದಿನ ಬಂತು. ಕೊನೆಯ ಪಾಳಿಯ ಮನೆಯವರಿಂದ ಕೋಲನ್ನು ಕಾಟಮ್ಮನೇ ಇಸಿದುಕೊಂಡಿದ್ದಳು. ಕೋಲು ಹಿಡಿದುಕೊಂಡು ಅವಳು ರಸ್ತೆಯ ಕ್ರಾಸಿನಲ್ಲಿ ನಿಂತಳು. ಪಕ್ಕದಲ್ಲಿ ಗಿರೀಶ. ಹೊಸದುರ್ಗದ ಕಡೆಯಿಂದ ಬಸ್ಸು ಬಂತು. ಒಬ್ಬ ತಾತ ಇಳಿದ. ಒಂದು ಮೂಟೆ ಇಳಿಯಿತು. ಬಸ್ಸು ಹೊರಟುಹೋಯಿತು.

"ಕಾಟಿ," ಗಿರೀಶ ಮೆಲ್ಲಗೆ ಹೇಳಿದ, "ಜಯಕುಮಾರ್ ಮೇಷ್ಟ್ರ ಥರ ಏನಾದ್ರೂ..."

"ಬಾಯಿ ಮುಚ್ಚೋ. ಕೋಲು ಇಲ್ಲೇ ಐತೆ."

ಹೇಳಿದ್ದು ಜೋರಾಗಿಯೇ. ಆದರೆ ಕಣ್ಣು ಮಾತ್ರ ರಸ್ತೆಯ ತಿರುವಿನಲ್ಲೇ ಇತ್ತು.

ಸ್ವಲ್ಪ ಹೊತ್ತಿಗೆ ಹಾಲಿನ ವ್ಯಾನು ಬಂತು. ಡ್ರೈವರ್ ಪಕ್ಕದಲ್ಲಿ, ತೊಡೆಯ ಮೇಲೆ ರಟ್ಟಿನ ಡಬ್ಬಿ ಇಟ್ಟುಕೊಂಡು, ಕೆದರಿದ ತಲೆಯ ನೇತ್ರಾವತಿ ಮಿಸ್!

"ಬಸ್ಸು ತಪ್ಪಿಹೋಯ್ತು ಕಣ್ರೋ! ಯಾಕೆ ಹಿಂಗೆ ನಿಂತಿದ್ದೀರಿ?"

ಕಾಟಮ್ಮ ಮುಂದೆ ಮುಂದೆ ಓಡಿ, ಕೋಲನ್ನು ಶಾಲೆಯ ಬಾಗಿಲಿಗೆ ಒರಗಿಸಿ ನಿಂತಳು.

ಮಿಸ್ ಡಬ್ಬಿ ತೆಗೆದರು. ಗ್ರ್ಯಾಂಟ್ ಬರುವುದಕ್ಕೆ ಇನ್ನೂ ಸಮಯ ಇತ್ತು. ಅಲ್ಲಿಯವರೆಗೆ ಇರಲಿ ಎಂದು ಅವರೇ ಟ್ರೈನಿಂಗಿನಲ್ಲಿ ಮಾಡಿದ್ದ ಒಂದು ಪುಟ್ಟ ಮೈಕ್ರೋಸ್ಕೋಪು. ರಟ್ಟು, ಒಂದು ಲೆನ್ಸು, ಅಷ್ಟೇ. ಕಾಟಮ್ಮ ಮನೆಯಿಂದ ಅಪ್ಪನ ಕಂಬಳಿ ತಂದು, ಅದರಿಂದ ಒಂದೇ ಒಂದು ಎಳೆ ಕಿತ್ತು ಕೊಟ್ಟಳು. ಒಂದು ಕಣ್ಣು ಮುಚ್ಚಿ ನೋಡಿದಳು.

"ಮಿಸ್! ಕೂದಲ ಮೇಲೆ ಪೊರೆ ಪೊರೆ ಅವೆ! ಈಚಲ ಮರದ ಮೈ ಥರ!"

"ಹೂಂ. ಆ ಪೊರೆ ಮೇಲೆ ನೀರು ಜಾರುತ್ತಂತೆ. ಸುರುಳಿ ಸುರುಳಿ ಕೂದಲಿನ ಸಂದೀಲಿ ಗಾಳಿ ಉಳ್ಕೊಳ್ಳುತ್ತಂತೆ, ಅದಕ್ಕೇ ಬೆಚ್ಚಗೆ. ಅಲ್ಲೀವರೆಗೆ ಕಲ್ತು ಬಂದಿದ್ದೀನಿ. ಆದ್ರೆ ಪೊರೆ ಯಾಕೆ ಹಂಗೇ ಇರುತ್ತೆ ಅಂತ ಕೇಳಿದ್ರೆ..." ಮಿಸ್ ನಕ್ಕರು. "ನಂಗೆ ಗೊತ್ತಿಲ್ಲ."

ಗಿರೀಶ "ನಂಗೆ, ನಂಗೆ" ಎಂದು ನೂಕುತ್ತಿದ್ದ. ಕಾಟಮ್ಮ ಅವನಿಗೆ ಜಾಗ ಬಿಟ್ಟಳು. ಬಾಗಿಲ ಕಡೆ ತಿರುಗಿ ನೋಡಿದಳು. ಸೀಮೆಸುಣ್ಣ ಹತ್ತಿದ ಕೋಲು ಇಟ್ಟಲ್ಲೇ ಇತ್ತು.

"ಮಿಸ್," ಎಂದಳು, "ಮತ್ತೆ ಯಾವಾಗ ಹೋಗ್ತೀರಿ?"