ಘಾಟು ಕಳೆದ ಯಂತ್ರ

ಫಕೀರವ್ವ ಮೊರದಲ್ಲಿದ್ದ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಆಸ್ಪತ್ರೆಯ ಅಡುಗೆಯವರು ದಿನಾ ಮುಂಜಾನೆ ಕಿಂಡಿಯೊಳಗಿಂದ ತಳ್ಳುವ ಮೊರ ಅದು; ಸುಮ್ಮನೆ ಕೂರಲಾರದೆ ಅವಳೇ ಕೇಳಿ ಪಡೆದ ಕೆಲಸ. ಮೂಗಿನ ಕೆಳಗೆ ಸಣ್ಣ ನಳಿಕೆಯೊಂದು ಅಂಟಿಕೊಂಡಿತ್ತು. ಅದರ ಇನ್ನೊಂದು ತುದಿ ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಗೆ ಸೇರಿತ್ತು. ಅವಳು ತೊಟ್ಟು ಮುರಿಯುತ್ತಿದ್ದಂತೆ ಪೆಟ್ಟಿಗೆ ಅವಳ ಉಸಿರನ್ನು ಓದುತ್ತಿತ್ತು.

ಅದಕ್ಕೆ ಉಸಿರೋದುಗ ಎಂದು ಹೆಸರು. ರೊಟ್ಟಿಯ ಮೇಲೆ ಕಾಣುವ ಬೂಸ್ಟಿನಂಥ ಶಿಲೀಂಧ್ರಗಳು ಮನುಷ್ಯನ ಶ್ವಾಸಕೋಶದಲ್ಲೂ ಬೆಳೆಯಬಲ್ಲವು. ಬೆಳೆಯುವಾಗ ಒಂದೊಂದೂ ತನ್ನದೇ ವಾಸನೆಯ ಕಣಗಳನ್ನು ಬಿಡುತ್ತದೆ. ಅವು ಉಸಿರಿನಲ್ಲಿ ಹೊರಗೆ ಬರುತ್ತವೆ. ಹಿಂದೆಲ್ಲ ಕಫವನ್ನು ಗಾಜಿನ ತಟ್ಟೆಯಲ್ಲಿಟ್ಟು, ಬೂಸ್ಟು ಮೊಳೆಯುತ್ತದೋ ಎಂದು ವಾರಗಟ್ಟಲೆ ಕಾಯಬೇಕಿತ್ತು. ಎಷ್ಟೋ ಸಲ ಅದು ಮೊಳೆಯುತ್ತಲೇ ಇರಲಿಲ್ಲ. ಎಕ್ಸ್‌ರೇಯಲ್ಲಿ ನೋಡಿದರೆ ಬೂಸ್ಟು ಕೊರೆದ ಗುಳಿಯೂ ಕ್ಷಯ ಕೊರೆದ ಗುಳಿಯೂ ಒಂದೇ ತರಹ. ಉಸಿರೋದುಗ ಬಂದ ಮೇಲೆ ನಾಲ್ಕು ನಿಮಿಷದ ಕೆಲಸವಾಯಿತು. ಕಾನೂನೂ ಅದರ ಮಾತಿನ ಮೇಲೇ ನಿಂತಿತು. ಎದೆಯಲ್ಲಿ ಗುಳಿಯಿದ್ದು, ಕಫದಲ್ಲಿ ರಕ್ತವಿದ್ದು, ಯಂತ್ರ ಬೂಸ್ಟಿಲ್ಲ ಎಂದರೆ ಅದು ಕ್ಷಯ. ಕ್ಷಯವೆಂದರೆ ಗಾಜಿನ ಕೋಣೆ. ಗುಣವಾಗುವ ತನಕ ಬಾಗಿಲು ತೆರೆಯುವುದಿಲ್ಲ.

"ಬೂಸ್ಟಿಲ್ಲ," ಎಂದಿತು ಪೆಟ್ಟಿಗೆ.

ಹದಿನಾಲ್ಕು ತಿಂಗಳಿಂದ ಅದೇ ಮಾತು. ಕ್ಷಯಕ್ಕೆಂದು ಚುಚ್ಚುವ ಸೂಜಿ ಅವಳ ಎಡಗಿವಿಯನ್ನು ಆಗಲೇ ಮುಗಿಸಿತ್ತು. ಬಲಗಿವಿಯಲ್ಲಿ ಹಗಲೆಲ್ಲ ಜೀರುಂಡೆ ಕೂಗುತ್ತಿತ್ತು. ಕೆಮ್ಮಿದರೆ ಬರುವ ರಕ್ತ ಮಾತ್ರ ನಿಂತಿರಲಿಲ್ಲ. ಅವಳ ಕೋಣೆಯ ಆಚೀಚೆ ಅಂಥವೇ ಹದಿಮೂರು ಕೋಣೆಗಳಿದ್ದವು. ಯಾರು ಕೆಮ್ಮಿದರೆಂದು ಗೋಡೆಯಾಚೆಯಿಂದಲೇ ಗುರುತು ಹತ್ತುವಷ್ಟು ದಿನ ಅವಳು ಅಲ್ಲಿದ್ದಳು.

೨೦೬೨ರ ಮಾಘ ಮಾಸ. ಹಾವೇರಿ ಸೀಮೆಯ ಆ ಮೆಣಸಿನಕಾಯಿ ಪೇಟೆಗೆ ಅಂದು ಯಂತ್ರದ ಜನಕ ಡಾಕ್ಟರ್ ಇಂದುಧರ ಬಂದಿದ್ದ. ನಲವತ್ತು ಸಾವಿರ ಜನರಿರುವ ಊರಿನಲ್ಲಿ ಮೂರು ವರ್ಷದಿಂದ ಒಬ್ಬರ ಎದೆಯಲ್ಲೂ ಬೂಸ್ಟು ಸಿಕ್ಕಿಲ್ಲವೆಂದು ಇಲಾಖೆಯವರು ಊರ ಬಾಗಿಲಲ್ಲಿ ಬೋರ್ಡು ಬರೆಸಿದ್ದರು. ಅದನ್ನು ನೋಡಲೆಂದೇ ಬಂದವನು ಗಾಜಿನಾಚೆ ನಿಂತು ನಾಲ್ಕು ಸಲ ಸೀನಿದ.

"ಮೆಹಬೂಬಿ, ಇವರ್ನ ಒಳಗ ಹಾಕಿ ನನ್ನ ಹೊರಗ ಬಿಡವಾ," ಎಂದಳು ಫಕೀರವ್ವ, ನರ್ಸಿಗೆ.

ಮೆಹಬೂಬಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಇಂದುಧರ ಕಣ್ಣೊರೆಸಿಕೊಂಡ. "ಘಾಟು ಕಣಮ್ಮ. ಬಸ್ಸಿಳಿದಾಗಿನಿಂದ ಹೀಗೇ. ನಿಮಗೆ ಆಗಲ್ವಾ?"

"ಎಲ್ಲೀ ಘಾಟ್ರಿ? ನಲವತ್ತು ವರ್ಷ ಗೋದಾಮಿನ್ಯಾಗ ಕುಂತಾಕಿ ನಾನು. ಹಸೀ ಕಾಯಿ ಚೀಲದಾಗ ಬೆವತು ಬೂಸ್ಟ ಹಿಡದಿದ್ರೂ ನಮ್ಮ ಮೂಗಿಗೆ ತಿಳ್ಯಂಗಿಲ್ಲ. ಇಲ್ಲಿ ಹುಟ್ಟಿದ ಮೂಗಿಗೆ ಅದು ಬರೇ ಗಾಳಿ." ಅವಳ ಕೈ ನಿಂತಿತು. ಪೆಟ್ಟಿಗೆಯತ್ತ ನೋಡಿದಳು. "ಇದೂ ನಮ್ಮೂರ ಗಾಳೀನ ಕುಡೀತೈತಲ್ರಿ. ದಿನಾ ಮುಂಜಾನೆ ಇಕಿ ಕಿಟಕಿ ತೆಗದು ಕುಡಸ್ತಾಳ."

"ನೀವೇ ಬರದೀರಲ್ರಿ ಸರ್, ಪುಸ್ತಕದಾಗ," ಎಂದಳು ಮೆಹಬೂಬಿ ಗಾಬರಿಯಿಂದ.

ಬರೆದಿದ್ದು ಅವನೇ. ಪ್ರತಿದಿನ ಯಂತ್ರಕ್ಕೆ ಹೊರಗಿನ ಗಾಳಿ ಕೊಡಬೇಕು. ಯಂತ್ರ ಅದನ್ನು ಖಾಲಿ ಗಾಳಿಯೆಂದು ನೆನಪಿಟ್ಟು, ರೋಗಿಯ ಉಸಿರಿನಿಂದ ಕಳೆಯುತ್ತದೆ. ಉಳಿದದ್ದು ರೋಗ. ಊರ ಗಾಳಿಯಲ್ಲೇ ಮೆಣಸಿನಕಾಯಿಯ ಬೂಸ್ಟು ತುಂಬಿದ್ದರೆ ಉಳಿಯುವುದೇನು?

ಇಂದುಧರ ಆಮ್ಲಜನಕದ ಸಿಲಿಂಡರ್ ತರಿಸಿದ. ಯಂತ್ರಕ್ಕೆ ಊರ ಗಾಳಿಯ ಬದಲು ಅದನ್ನು ಕುಡಿಸಿದ. ಎದೆಯಲ್ಲಿ ಹೊರಗಿನ ಗಾಳಿ ಉಳಿಯದಿರಲೆಂದು ಫಕೀರವ್ವನಿಗೂ ಅರ್ಧ ಗಂಟೆ ಅದನ್ನೇ ಉಸಿರಾಡಿಸಿದ. ನಂತರ ನಳಿಕೆ ಅಂಟಿಸಿದರು.

"ಬೂಸ್ಟಿದೆ," ಎಂದಿತು ಪೆಟ್ಟಿಗೆ. "ಆಸ್ಪರ್ಜಿಲಸ್ ಜಾತಿಯದು. ಬಹಳ ದಿನದ್ದು."

ಬಾಗಿಲ ಮೇಲೆ ಹಸಿರು ದೀಪ ಹತ್ತಿತು. ಬೀಗ ತಾನಾಗಿ ಕಳಚಿಕೊಂಡಿತು. ಫಕೀರವ್ವ ಎದ್ದು ನಿಂತಳು, ಆದರೆ ಹೆಜ್ಜೆ ಕೀಳಲಿಲ್ಲ.

"ಇದಕ್ಕೆ ಬೇರೆ ಗುಳಿಗೆ ಇದೆ ಅಮ್ಮ. ಸೂಜಿ ಬೇಡ. ಸಂಜೆಯೊಳಗೆ ಮನೆಗೆ ಹೋಗಬಹುದು."

"ಉಳದವ್ರು?"

"ಅವರನ್ನೂ ಹೀಗೇ ನೋಡೋಣ."

"ಈ ಊರಾಗ ನೋಡ್ತೀರಿ. ಹತ್ತಿ ಮಿಲ್ಲಿನೂರಾಗ? ಅಕ್ಕಿ ಗಿರಣಿ ಊರಾಗ?"

ಇಂದುಧರ ಕೈಯಲ್ಲಿದ್ದ ಫಲಕವನ್ನು ಬೆಳಗಿಸಿ ಒಂದು ಪತ್ರ ತೋರಿಸಿದ. ಎರಡು ವರ್ಷದ ಕೆಳಗೆ ಶೇಂಗಾ ಗಿರಣಿಯಿದ್ದ ಊರೊಂದರಲ್ಲಿ ಇದೇ ಅನುಮಾನ ಬಂದಾಗ ಆರೋಗ್ಯ ನಿರ್ದೇಶಕರಿಗೆಂದು ಬರೆದದ್ದು. ಯಂತ್ರ ಸಾವಿರಾರು ಜನರನ್ನು ಉಳಿಸಿದೆ, ಒಂದು ಅನುಮಾನಕ್ಕೆ ಅದನ್ನು ನಿಲ್ಲಿಸಿದರೆ ಹೇಗೆ ಎಂದುಕೊಂಡು ಕಳಿಸಿರಲಿಲ್ಲ.

"ಇವತ್ತು ಕಳಿಸಿದರೆ ಯಂತ್ರ ಹೇಳಿದ್ದಕ್ಕೆಲ್ಲ ಆ ಕ್ಷಣವೇ ತಡೆ ಬೀಳುತ್ತೆ," ಎಂದ. "ಎಲ್ಲ ಊರಲ್ಲೂ ಸೂಜಿ ನಿಲ್ಲುತ್ತೆ, ಅದು ಸರಿ. ಆದರೆ ಈಗ ನಿಮಗೆ ಬಂದ ಉತ್ತರಕ್ಕೂ ತಡೆ. ಬಾಗಿಲು ಮತ್ತೆ ಮುಚ್ಚುತ್ತೆ. ಕಫ, ರಕ್ತ ನೋಡುವ ಹಳೇ ಪರೀಕ್ಷೆ ಎಲ್ಲರಿಗೂ ಮುಗಿಯೋವರೆಗೆ, ಮೂರು ವಾರವೋ ಮೂರು ತಿಂಗಳೋ ಗೊತ್ತಿಲ್ಲ. ನೀವು ಮೊದಲು ಮನೆಗೆ ಹೋಗಿ. ನಾಳೆ ಕಳಿಸ್ತೀನಿ."

"ಎರಡು ವರ್ಷದಾಗ ಎಷ್ಟು ನಾಳೆ ಆದವ್ರಿ?"

ಅವನು ಪತ್ರದ ಮೇಲಿದ್ದ ತಾರೀಖು ನೋಡಿದ.

"ನಾನು ಹೊರಗ ಹೋದ್ರ ನಿಮ್ಮ ಮನಸ್ಸು ಹಗುರಾಗಿಬಿಡ್ತೈತಿ, ಸಾಹೇಬ್ರ. ಹಗುರಾದಾವ್ರು ಪತ್ರ ಹಾಕಂಗಿಲ್ಲ."

"ಫಕೀರವ್ವಕ್ಕಾ, ಹುಚ್ಚ ಹಿಡದೈತೇನ?" ಎಂದಳು ಮೆಹಬೂಬಿ. "ಬಾಗಲಾ ತೆರದೈತಿ. ಹೋಗು."

ಫಕೀರವ್ವ ಹೊಸ್ತಿಲ ತನಕ ಬಂದಳು. ಮೊಗಸಾಲೆಯ ತುದಿಯಲ್ಲಿ ಬಿಸಿಲು ಬಿದ್ದಿತ್ತು. ಅದನ್ನು ಬಹಳ ಹೊತ್ತು ನೋಡಿದಳು. ಗೋಡೆಯಾಚೆ ಯಾರೋ ಕೆಮ್ಮಿದರು; ಕೆಮ್ಮು ಮುಗಿಯಲೇ ಇಲ್ಲ. ಅವಳು ಹೊಸ್ತಿಲಿನ ಒಳಗೇ ಕುಳಿತಳು.

"ಸೂಜಿ ನಿಲ್ಲಸ್ರಿ, ಎಲ್ಲಾರಿಗೂ," ಎಂದಳು. "ಬಾಗಲಾ ಆಮ್ಯಾಲ ನೋಡೂನು. ಪತ್ರ ನನ್ನ ಮುಂದ ಹಾಕ್ರಿ."

ಇಂದುಧರ ಹಳೆಯ ಪತ್ರದ ಕೆಳಗೆ ಮತ್ತೆ ನಾಲ್ಕು ಸಾಲು ಸೇರಿಸಿ, ಅವಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದ:

"ಊರಿಗೆ ಊರೇ ಬೂಸ್ಟಿನ ಗಾಳಿ ಉಸಿರಾಡುವಲ್ಲಿ ಅದನ್ನು ನಾವು ಆ ಊರಿನ ಗುಣವೆಂದುಕೊಂಡೆವು, ಯಂತ್ರಕ್ಕೂ ಹಾಗೆಯೇ ಕಲಿಸಿದೆವು. ಖಾಲಿಯೆಂದು ಕಳೆದದ್ದು ಖಾಲಿಯಾಗಿರಲಿಲ್ಲ. ಇಲ್ಲಿ ಇದೆಲ್ಲ ಮಾಮೂಲು ಎಂದು ಜನ ಎಲ್ಲೆಲ್ಲಿ ಹೇಳುತ್ತಾರೋ ಅಲ್ಲೆಲ್ಲ ದಯವಿಟ್ಟು ಮೊದಲಿನಿಂದ ನೋಡಿ. ತಪ್ಪು ನನ್ನದು, ತಡವೂ ನನ್ನದು."

ಬೆರಳು ಒತ್ತಿದ. ಹಸಿರು ದೀಪ ಆರಿತು. ಅವಳ ಮುಂದೆಯೇ ಗಾಜಿನ ಬಾಗಿಲು ಮೆಲ್ಲಗೆ ಸರಿದು ಬಂದು ಮುಚ್ಚಿಕೊಂಡಿತು.

"ಹೋತೇನ್ರಿ?"

"ಹೋಯ್ತಮ್ಮ."